ಗುಡ್ಡದ ಮೇಲಿನ ಬಂಗಲೆ, ಗುಡ್ಡದ ಕೆಳಗಿನ ಮನೆಗಳು

ಸುವರ್ಣ ಮಹೋತ್ಸವ ಸಮಿತಿಯವರು ಈ ಸ್ಮರಣ ಸಂಚಿಕೆಗೆ ಸುರಪುರದ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಕೇಳಿದಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ನಾನು ಈ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವನು. ಮುಂದೆ ಇದೇ ಶಾಲೆಯ ಕಪ್ಪುಹಲಗೆಯ ಮುಂದೆ ನಿಂತು ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ನಮ್ಮ ನಾಯಕ ಅರಸರ ವಂಶಾವಳಿ, ಯುದ್ಧ, ಸನದುಗಳ ವಿಷಯ ಬಲ್ಲ ವಿದ್ವಾಂಸರು ಬೇರೆ ಇದ್ದಾರೆ. ಅವರು ಬರೆದದ್ದನ್ನೇ ನಾನು ಮತ್ತೆ ಬರೆಯುವುದರಿಂದ ಪ್ರಯೋಜನವಿಲ್ಲ. ಆದ್ದರಿಂದ ನಮ್ಮ ಭಾಗದ ಮನೆಗಳ ಬಗ್ಗೆ ಬರೆಯುತ್ತೇನೆ. ಅದಕ್ಕೆ ಕಾರಣ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ.

ಹಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳನ್ನು ಸ್ಥಳೀಯ ಸಂಚಾರಕ್ಕೆಂದು ಟೇಲರ್ ಮಂಜಿಲಿಗೆ ಕರೆದುಕೊಂಡು ಹೋಗಿದ್ದೆ. ಬಿಸಿಲೇರುವ ಮೊದಲೇ ಗುಡ್ಡ ಹತ್ತಿ, ಬಂಗಲೆಯ ನೆರಳಿನಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸಿ, ಕರ್ನಲ್ ಮೆಡೋಸ್ ಟೇಲರ್ ಯಾರು, ಯಾವಾಗ ಬಂದ, ಏನೇನು ಮಾಡಿದ ಎಂದೆಲ್ಲ ಒಂದು ತಾಸು ಹೇಳಿದೆ. ಕೊನೆಗೆ ವಾಡಿಕೆಯಂತೆ, "ಏನಾದರೂ ಕೇಳೋದಿದ್ದರೆ ಕೇಳ್ರಿ" ಎಂದೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿ ಎದ್ದು ನಿಂತಳು.

"ಸರ್, ಈ ಮನ್ಯಾಗ ಇದ್ದವರ ಹೆಸರು ಹೇಳಿದ್ರಿ. ಈ ಮನಿ ಕಟ್ಟಿದವರು ಎಲ್ಲಿ ಇರ್ತಿದ್ರು ರೀ?"

ಮಕ್ಕಳು ನಕ್ಕರು. ನಾನೂ ನಕ್ಕು, "ಕೆಳಗ ಊರಾಗ ಇರ್ತಿದ್ರವ್ವಾ" ಎಂದು ಹೇಳಿ ಅವಳನ್ನು ಕೂಡಿಸಿದೆ. ಆದರೆ ಗುಡ್ಡ ಇಳಿಯುವಾಗ ಕೆಳಗೆ ಹರಡಿಕೊಂಡ ಊರನ್ನು ನೋಡುತ್ತಾ, ನನ್ನದು ಉತ್ತರವಲ್ಲ, ತಪ್ಪಿಸಿಕೊಳ್ಳುವ ಮಾತು ಎಂದು ನನಗೇ ತಿಳಿಯಿತು. ಈ ಲೇಖನ ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ವಾಗಣಗೇರಿಯಿಂದ ಸುರಪುರಕ್ಕೆ

ಸುರಪುರಕ್ಕೆ ಮೊದಲು ನಮ್ಮ ನಾಯಕ ಅರಸರ ನೆಲೆ ವಾಗಣಗೇರಿ. ಇಂದು ಅಲ್ಲಿಗೆ ಹೋದರೆ ಕಾಣುವುದು ಗುಡ್ಡ, ಬಂಡೆ, ಕೋಟೆಯ ಗೋಡೆಗಳು. ಆದರೆ 1705ರಲ್ಲಿ ಮೊಘಲ್ ಚಕ್ರವರ್ತಿ ಔರಂಗಜೇಬ್ ತಾನೇ ಸೈನ್ಯದೊಂದಿಗೆ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನ ವಯಸ್ಸು 85 ದಾಟಿತ್ತು. ವಿಜಾಪುರ, ಗೋಲ್ಕೊಂಡಗಳಂಥ ಸುಲ್ತಾನರ ರಾಜ್ಯಗಳನ್ನು ಗೆದ್ದವನು ಬೇಡ ನಾಯಕರ ಒಂದು ಗುಡ್ಡದ ಕೋಟೆಯ ಮುಂದೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಕೋಟೆ ಕೈಗೆ ಸಿಕ್ಕಿತು, ಆದರೆ ನಾಯಕ ಸಿಗಲಿಲ್ಲ. ಪಿಡ್ಡ ನಾಯಕ ತನ್ನ ಜನರೊಂದಿಗೆ ಪಾರಾಗಿದ್ದ. ಆ ಮಳೆಗಾಲವನ್ನು ಬಾದಶಹ ಕೃಷ್ಣಾ ನದಿಯ ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟು ಕಳೆದ. ಅಲ್ಲಿಯೇ ಕಾಯಿಲೆ ಬಿದ್ದ. ಮುಂದೆ 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ಅವನು ಸ್ವತಃ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ನಮ್ಮ ವಾಗಣಗೇರಿಯದು. ಈ ಮಾತನ್ನು ನಮ್ಮ ಮಕ್ಕಳು ಅಭಿಮಾನದಿಂದ ನೆನಪಿಡಬೇಕು.

ಆನಂತರ ನಾಯಕರ ರಾಜಧಾನಿಯಾಗಿ ಬೆಳೆದದ್ದು ಸುರಪುರ. ಊರಿನ ಜಾಗವನ್ನು ನೋಡಿದರೆ ಆರಿಸಿದವರ ಜಾಣ್ಮೆ ತಿಳಿಯುತ್ತದೆ. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು, ನಡುವೆ ಬಟ್ಟಲಿನಂತೆ ಊರು. ಅರಮನೆ, ವೇಣುಗೋಪಾಲಸ್ವಾಮಿ ದೇವಸ್ಥಾನ, ಸುತ್ತ ಪೇಟೆ, ಓಣಿಗಳು. ಆಚೆ ರಂಗಂಪೇಟೆ, ತಿಮ್ಮಾಪುರ. 'ಬಲವಂತ ಬಹರಿ ಬಹದ್ದೂರ' ಎಂಬ ಬಿರುದು ಹೊತ್ತ ಅರಸರ ಆಶ್ರಯದಲ್ಲಿ ಇಲ್ಲಿ ಕವಿಗಳಿದ್ದರು, ಪಂಡಿತರಿದ್ದರು, ಬಂಗಾರದ ರೇಕು ಬಳಸಿ ಚಿತ್ರ ಬರೆಯುವ ಗರುಡ ಮನೆತನದ ಕಲಾವಿದರಿದ್ದರು. ಸುರಪುರ ಚಿತ್ರಕಲೆ ಎಂದು ಇಂದು ನಾಡಿನ ಕಲಾವಿದರು ಗುರುತಿಸುವ ಶೈಲಿ ಹುಟ್ಟಿದ್ದು ಈ ಓಣಿಗಳ ಪಡಸಾಲೆಗಳಲ್ಲಿ. ಗೋಕುಲಾಷ್ಟಮಿಯ ಹೊತ್ತಿಗೆ ದೇವಸ್ಥಾನದ ಮುಂದೆ ಕಂಬ ಏರುವ, ಹಾಲೋಕುಳಿಯ ಆಟ ಇಂದಿಗೂ ನಡೆಯುತ್ತದೆ. ಮೇಲಿಂದ ನೀರು ಸುರಿಯುತ್ತಿದ್ದರೂ ಜಾರುವ ಕಂಬವನ್ನು ಏರುವ ಹುಡುಗರನ್ನು ನೋಡಲು ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ.

ಬಂಗಲೆಯ ಸಾಹೇಬ

ಈ ಊರಿಗೆ 1840ರ ದಶಕದ ಆರಂಭದಲ್ಲಿ ಬಂದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, 15ನೇ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಅಂಗಡಿಯ ಕೆಲಸಕ್ಕೆಂದು ಹಡಗು ಹತ್ತಿದ ಹುಡುಗ, ಆ ಕೆಲಸ ಕೈಗೂಡದೆ ಹೈದರಾಬಾದಿನ ನಿಜಾಮನ ಸೈನ್ಯ ಸೇರಿದ. ಠಕ್ಕರ ಬಗ್ಗೆ ಅವನು ಬರೆದ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ಮಾಡಿತ್ತು. ಸುರಪುರದಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡು, ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗನಾಗಿದ್ದ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ತೀರಿಹೋದ ಅರಸನ ತಮ್ಮ ಪಿಡ್ಡ ನಾಯಕ ಒಂದು ಕಡೆ. ಈ ಜಗಳ ಸರಿಪಡಿಸಿ ಆಡಳಿತ ನೋಡಿಕೊಳ್ಳಲು ಬ್ರಿಟಿಷ್ ರೆಸಿಡೆಂಟ್ ಟೇಲರನನ್ನು ಕಳಿಸಿದ. 1853ರಲ್ಲಿ ವೆಂಕಟಪ್ಪ ನಾಯಕನ ಕೈಗೆ ಆಡಳಿತ ಒಪ್ಪಿಸುವವರೆಗೂ ಅವನು ಇಲ್ಲಿದ್ದ.

ಆ ಕಾಲದಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆಯೇ ಟೇಲರ್ ಮಂಜಿಲ್. ಅಲ್ಲಿ ನಿಂತರೆ ಇಡೀ ಊರು ಕಾಲ ಕೆಳಗೆ ಕಾಣುತ್ತದೆ, ಗಾಳಿ ಬೀಸುತ್ತದೆ. ನಮ್ಮ ಬೇಸಿಗೆ ಬಲ್ಲವರಿಗೆ ಆ ಗಾಳಿಯ ಬೆಲೆ ಗೊತ್ತು. 1844ರಲ್ಲಿ ಅವನ ಹೆಂಡತಿ ಮೇರಿ ತೀರಿಕೊಂಡಳು. ಮಕ್ಕಳು ದೂರದ ಇಂಗ್ಲೆಂಡಿನಲ್ಲಿ ಬೆಳೆದರು. ಗುಡ್ಡದ ಮೇಲಿನ ಮನೆಯಲ್ಲಿ ಸಾಹೇಬ ಒಬ್ಬನೇ ಉಳಿದ.

ಅವನು ಮಾಡಿದ ಕೆಲಸಗಳನ್ನು ಮರೆಯುವುದು ನ್ಯಾಯವಲ್ಲ. ಪಾಮ ನಾಯಕನ ಕಾಲದ ಬೋನಾಳ ಕೆರೆಯನ್ನು ಅವನು ದೊಡ್ಡದು ಮಾಡಿಸಿದ. ಇಂದು ಅದೇ ಕೆರೆ ಪಕ್ಷಿಧಾಮ. ಚಳಿಗಾಲದಲ್ಲಿ ದೂರದ ದೇಶಗಳ ಹಕ್ಕಿಗಳು ಅಲ್ಲಿಗೆ ಇಳಿಯುತ್ತವೆ. ನಮ್ಮ ಸೀಮೆಯ ಹೊಲಗಳಲ್ಲಿ, ಗುಡ್ಡದ ಓರೆಗಳಲ್ಲಿ ನಿಂತಿದ್ದ ದೊಡ್ಡ ಕಲ್ಲುಗಳ ಗೋರಿಗಳನ್ನು ಅವನು ಗುರುತಿಸಿದ, ಅಳತೆ ಮಾಡಿದ, ಕೆಲವನ್ನು ಅಗೆಸಿದ. ಅಗೆದ ಗುಂಡಿಯಲ್ಲಿ ಯಾವ ಪದರದಲ್ಲಿ ಏನು ಸಿಕ್ಕಿತು ಎಂದು ಚಿತ್ರ ಬರೆದಿಟ್ಟ. ನೂರು ವರ್ಷಗಳ ನಂತರ ಸರ್ ಮಾರ್ಟಿಮರ್ ವೀಲರ್ ಅಂಥ ಪುರಾತತ್ವಜ್ಞ ಆ ಚಿತ್ರಗಳನ್ನು ಮೆಚ್ಚಿ ತನ್ನ ಪುಸ್ತಕದಲ್ಲಿ ಎತ್ತಿ ಹೇಳಿದ. ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಹೊಲದಲ್ಲಿ ಸಾಲುಗಟ್ಟಿ ನಿಂತ ಗುಂಡುಗಳು ಇಂದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ.

'ಅಪ್ಪಾ' ಎಂದು ಕರೆದ ಅರಸ

ಬಾಲಕ ವೆಂಕಟಪ್ಪ ನಾಯಕ ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ತಂದೆ ಇಲ್ಲದ ಮಗುವಿಗೆ ಅವನು ಓದು ಕಲಿಸಿದ, ಆಡಳಿತ ಕಲಿಸಿದ. 1853ರಲ್ಲಿ ಅರಸನ ಕೈಗೆ ರಾಜ್ಯ ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ಹೊರಟುಹೋದ.

ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ. 1857ರ ದಂಗೆಯ ಸುದ್ದಿ ದಕ್ಷಿಣಕ್ಕೂ ಹಬ್ಬಿತು. ಸುರಪುರದಲ್ಲಿ ಅರಬರು, ರೋಹಿಲ್ಲರು, ಬೇಡ ಪಡೆಯವರು ಕೂಡಿದರು. 1858ರ ಫೆಬ್ರುವರಿಯಲ್ಲಿ, ನರಗುಂದ, ಮುಂಡರಗಿಗಳ ಬಂಡಾಯಕ್ಕೂ ಕೆಲವು ತಿಂಗಳು ಮೊದಲೇ, ಸುರಪುರದ ಹೊರಗೆ ಕಾಳಗ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿರುವುದನ್ನು ಅರಿತ ವೆಂಕಟಪ್ಪ ನಾಯಕ ರಾತ್ರಿಯೇ ಊರು ಬಿಟ್ಟ. ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ವಿಚಾರಣೆಯಲ್ಲಿ ಮರಣದಂಡನೆಯಾಗಿ, ಅದು ಗಡಿಪಾರಿಗೆ ಇಳಿದು, ಕಡೆಗೆ ಗವರ್ನರ್ ಜನರಲ್ ಅದನ್ನು 4 ವರ್ಷಗಳ ಸೆರೆವಾಸಕ್ಕೆ ಇಳಿಸಿದ. ಮದ್ರಾಸಿನ ಕಡೆಯ ಕೋಟೆಗೆ ಒಯ್ಯುವ ದಾರಿಯಲ್ಲಿ, ಮೊದಲ ಬೀಡಿನಲ್ಲೇ, ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸ ಬಲಿಯಾದ. ಆತ್ಮಹತ್ಯೆ ಎಂದು ಸರ್ಕಾರದವರು ಬರೆದರು. ಕೊಲೆ ಎಂದು ನಮ್ಮ ಊರಿನ ಹಿರಿಯರು ಹೇಳುತ್ತಾ ಬಂದರು. 1860ರ ಒಪ್ಪಂದದಲ್ಲಿ ಸುರಪುರವನ್ನು ನಿಜಾಮನಿಗೆ ಒಪ್ಪಿಸಲಾಯಿತು.

ಸೆರೆಯಲ್ಲಿದ್ದಾಗ ಟೇಲರ್ ಅವನನ್ನು ನೋಡಲು ಹೋಗಿದ್ದ. ಅರಸ ತನ್ನ ಹಳೆಯ ಗುರುವನ್ನು ತಬ್ಬಿಕೊಂಡು ಅತ್ತನಂತೆ. ತನ್ನನ್ನು ಕಳ್ಳನ ಹಾಗೆ ನೇಣಿಗೆ ಹಾಕುವುದು ಬೇಡ, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದನಂತೆ. ಹುಟ್ಟಿದಾಗಲೇ ಜೋಯಿಸರು ಇವನಿಗೆ 24ನೇ ವಯಸ್ಸಿನಲ್ಲಿ ಮರಣವೆಂದು ಹೇಳಿದ್ದರೆಂದೂ, ಹಾಗೆಯೇ ಆಯಿತೆಂದೂ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವನು 1876ರಲ್ಲಿ ಸತ್ತ ಮೇಲೆ ಮಗಳು ಅದನ್ನು 1877ರಲ್ಲಿ ಅಚ್ಚು ಮಾಡಿಸಿದಳು.

ಇಲ್ಲಿ 'ಅಂತೆ' ಎಂದು ಬೇಕೆಂದೇ ಬರೆದಿದ್ದೇನೆ. ಅನೇಕ ವರ್ಷ ನಾನು ತರಗತಿಯಲ್ಲಿ ಇದನ್ನು 'ಅಂತೆ' ಇಲ್ಲದೆ ಪಾಠ ಮಾಡಿದೆ. ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ಆ ಹುಡುಗಿಯ ಪ್ರಶ್ನೆಯ ನಂತರ ನನಗೆ ಹೊಳೆದದ್ದು ಇಷ್ಟು: ಸೆರೆಮನೆಯ ಆ ಕೋಣೆಯಲ್ಲಿ ಇದ್ದವರು ಇಬ್ಬರು. ಒಬ್ಬ ಬರೆದ. ಇನ್ನೊಬ್ಬ ಬರೆಯುವ ಮೊದಲೇ ಸತ್ತ. ಟೇಲರ್ ಸುಳ್ಳು ಬರೆದನೆಂದು ನಾನು ಹೇಳುವುದಿಲ್ಲ. ಆ ಪುಟಗಳಲ್ಲಿ ಅವನ ದುಃಖ ನಿಜವಾದದ್ದೇ ಎಂದು ಓದಿದವರಿಗೆ ಅನಿಸುತ್ತದೆ. ಆದರೆ ಸಾಕಿದ ಮಗನಂಥವನು ತನ್ನ ಸರ್ಕಾರದ ವಿರುದ್ಧ ಏಕೆ ಎದ್ದ ಎಂಬ ಪ್ರಶ್ನೆಗೆ 'ಕೆಟ್ಟ ಸಹವಾಸ, ಕೆಟ್ಟ ಜಾತಕ' ಎಂಬ ಉತ್ತರ ಬರೆಯುವವನಿಗೆ ಅನುಕೂಲವಾದದ್ದು. ರಾಜ್ಯ ಕಳೆದುಕೊಂಡವರ ಉತ್ತರ ಬೇರೆ ಇರಬಹುದು. ಗುಡ್ಡದ ಮೇಲಿನ ಮನೆಗೆ ಒಂದು ಪುಸ್ತಕವಿದೆ. ಗುಡ್ಡದ ಕೆಳಗಿನ ಮನೆಗಳಿಗೆ ಪುಸ್ತಕವಿಲ್ಲ.

ಕೆಳಗಿನ ಮನೆಗಳು

ಹಾಗಾದರೆ ಆ ಮನೆಗಳು ಎಂಥವು? ಇಂದಿನ ಮಕ್ಕಳಲ್ಲಿ ಅನೇಕರು ಅವನ್ನು ಒಳಹೊಕ್ಕು ನೋಡಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಸೀಮೆಯ ಹಳೆಯ ಮನೆ ಎಂದರೆ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ. ಎರಡು ಮೊಳ ಅಗಲದ ಗೋಡೆಗಳೂ ಉಂಟು. ಗೋಡೆಯ ಭಾರ ಗೋಡೆಗೆ, ಮಾಳಿಗೆಯ ಭಾರ ಕಂಬಗಳಿಗೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಮಾಳಿಗೆಗೆ ಹಾಕಿ ತುಳಿಯುತ್ತಿದ್ದರು. ಆ ಮಣ್ಣು ನೀರಿಗೆ ಅಂಟಿಕೊಂಡು ಬಿಗಿಯುತ್ತದೆ, ಸೋರುವುದಿಲ್ಲ. ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಮಳೆ ಬಂದರೆ ಅದಕ್ಕೊಂದು ಕಲ್ಲು ಅಥವಾ ಬುಟ್ಟಿ ಮುಚ್ಚಲು ಹುಡುಗರು ಮಾಳಿಗೆಗೆ ಓಡಬೇಕು.

ತಲೆಬಾಗಿಲು ದಾಟಿದರೆ ಮೊದಲು ದಂದಕ್ಕಿ, ದನ ಕಟ್ಟುವ ಜಾಗ. ಅದರಿಂದ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ. ಒಳಗೆ ನಡುಮನೆ, ಅಡುಗೆಮನೆ, ದೇವರಮನೆ. ನೆಲದಲ್ಲಿ ಜೋಳ ತುಂಬುವ ಹಗೇವು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲದ ವರ್ಷಕ್ಕೂ ಕಾಳು ಉಳಿಯುತ್ತಿತ್ತು. ಗೋಡೆಯಲ್ಲಿ ದೀಪಕ್ಕೆ, ಪುಸ್ತಕಕ್ಕೆ, ಎಣ್ಣೆ ಕುಡಿಕೆಗೆ ಮಾಡಗಳು. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಆ ನಡುಮನೆಯಲ್ಲಿ ನೀರು ಚಿಮುಕಿಸಿದ ನೆಲದ ಮೇಲೆ ಮಲಗಿದವರಿಗೆ ಫ್ಯಾನು ಬೇಕಿರಲಿಲ್ಲ.

ಮನುಷ್ಯ ಮುಂದೆ ದನ ಕಟ್ಟಿ ಒಳಗೆ ತಾನಿರುವ ಪದ್ಧತಿ ಎಷ್ಟು ಹಳೆಯದು? ನಮ್ಮ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಬೂದಿದಿಬ್ಬದ ಬಳಿ ದನಗಳನ್ನು ಕೂಡಿಹಾಕುತ್ತಿದ್ದ ಜಾಗವೂ ಪಕ್ಕದಲ್ಲೇ ಜನ ವಾಸಿಸಿದ್ದ ನೆಲವೂ ಸಿಕ್ಕಿತು. 4,000 ವರ್ಷಗಳ ಹಿಂದಿನ ಮಾತು ಅದು. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಅದಕ್ಕಿಂತ ಬಹಳ ಹಿಂದೆ, ಸುಮಾರು 12 ಲಕ್ಷ ವರ್ಷಗಳ ಹಿಂದೆ, ಆದಿಮಾನವ ಕಲ್ಲು ಒಡೆದು ಕೈಕೊಡಲಿ ಮಾಡಿಕೊಂಡ ತಾಣವಿದೆ. ಇತಿಹಾಸವೆಂದರೆ ದಿಲ್ಲಿ, ಹಂಪಿ ಎಂದುಕೊಂಡ ನಮ್ಮ ಮಕ್ಕಳಿಗೆ ಇದು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿದೆ.

ಮೂರು ಊರು, ಮೂರು ಬಗೆ

ಸುರಪುರ, ಶಹಾಪುರ, ಯಾದಗಿರಿ ಒಂದೇ ಜಿಲ್ಲೆಯ ಮೂರು ಊರುಗಳು; 2010ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಒಂದೇ ಮನೆಯವರಾದೆವು. ಆದರೆ ಮೂರೂ ಊರುಗಳ ಮನೆಗಳು ಬೇರೆ ಬೇರೆ ಕಥೆ ಹೇಳುತ್ತವೆ.

ಯಾದಗಿರಿಗೆ ಕೋಟೆಯ ಗುಡ್ಡವಿದೆ. ಆದರೆ ಊರನ್ನು ಬದಲಿಸಿದ್ದು ರೈಲು. ಮುಂಬಯಿ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಕೂಡಿತು. ಯಾದಗಿರಿ ಆ ದಾರಿಯ ನಿಲ್ದಾಣ. ರೈಲು ಬಂದ ಊರಿಗೆ ವ್ಯಾಪಾರ ಬರುತ್ತದೆ, ವ್ಯಾಪಾರ ಬಂದರೆ ಮನೆಯ ಮುಖ ಬದಲಾಗುತ್ತದೆ: ಕೆಳಗೆ ಅಂಗಡಿ, ಮೇಲೆ ಮನೆ, ಬೀದಿಗೆ ತೆರೆದ ಮಹಡಿ. ಹಳಿ ತಪ್ಪಿದ ಸುರಪುರದಲ್ಲಿ ದಂದಕ್ಕಿಯ ಮನೆಗಳು ಬಹುಕಾಲ ಉಳಿದವು. ರಾಜ್ಯ ಹೋಗಿ, ರೈಲೂ ಬಾರದೆ ಬಡವಾದ ಊರಿಗೆ ಹಳೆಯ ಮನೆಗಳೇ ಆಸ್ತಿಯಾಗಿ ಉಳಿದವು ಎನ್ನಬೇಕು. ಶಹಾಪುರದ್ದು ಮತ್ತೊಂದು ಬಗೆ. ಅಲ್ಲಿ ಗುಡ್ಡವೇ ಮೊದಲು, ಊರು ಆಮೇಲೆ. ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟದ ಕಲ್ಲು ಕೋಟೆಗೂ ಆಯಿತು, ಮನೆಗಳಿಗೂ ಆಯಿತು.

1948ರ ಸೆಪ್ಟೆಂಬರ್ 17ರವರೆಗೆ ಮೂರೂ ಊರುಗಳು ನಿಜಾಮನ ಆಡಳಿತದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ನಮ್ಮ ಮುತ್ಯಾನ ಕಾಲದ ಮನೆಯ ಕಾಗದಪತ್ರಗಳೆಲ್ಲ ಉರ್ದುವಿನಲ್ಲಿದ್ದವು. ತನ್ನ ಮನೆಯ ಕಾಗದವನ್ನು ತಾನು ಓದಲಾರದೆ ಮುತ್ಯಾ ಅದನ್ನು ಓದಿಸಲು ಪೇಟೆಗೆ ಒಯ್ಯುತ್ತಿದ್ದ. ಕನ್ನಡ ಶಾಲೆಗಾಗಿ ನಮ್ಮ ಹಿರಿಯರು ಏಕೆ ಅಷ್ಟು ಹಂಬಲಿಸಿದರು ಎಂಬುದು ಈ ಶಾಲೆಯ ಮಕ್ಕಳಿಗೆ ತಿಳಿದಿರಲಿ.

ನಮ್ಮ ಮನೆ

ಇನ್ನು ನನ್ನ ತಪ್ಪಿನ ವಿಷಯ ಹೇಳಬೇಕು.

ಆ ಹುಡುಗಿಯ ಪ್ರಶ್ನೆಯ ಮುಂದಿನ ವರ್ಷ ನಾನು ಒಂಬತ್ತನೇ ತರಗತಿಗೆ ಒಂದು ಕೆಲಸ ಕೊಟ್ಟೆ. ಪ್ರತಿಯೊಬ್ಬರೂ ತಮ್ಮ ಓಣಿಯ ಹಳೆಯ ಮನೆಯೊಂದನ್ನು ನೋಡಿ, ಮನೆಯ ಹಿರಿಯರನ್ನು ಮಾತಾಡಿಸಿ ಬರೆದುಕೊಂಡು ಬರಬೇಕು. ಉದ್ದನೆಯ ಒಂದು ನೋಟ್ ಬುಕ್ಕಿನಲ್ಲಿ ಮೂರು ಕಲಂ ಹಾಕಿದೆ: ಕಂಡದ್ದು, ಕೇಳಿದ್ದು, ಓದಿದ್ದು. ಕಂಬ ಎಷ್ಟು, ಬಾಗಿಲು ಯಾವ ದಿಕ್ಕಿಗೆ ಎಂಬುದು ಕಂಡದ್ದು. ಯಾರು ಕಟ್ಟಿದರು ಎಂಬುದು ಕೇಳಿದ್ದು. ಕಾಗದಪತ್ರ, ಶಿಲಾಫಲಕ ಇದ್ದರೆ ಅದು ಓದಿದ್ದು. ಒಂದನ್ನು ಇನ್ನೊಂದರ ಕಲಮಿನಲ್ಲಿ ಬರೆಯಕೂಡದು ಎಂಬುದು ನಿಯಮ. ಪರೀಕ್ಷೆಗೆ ಬಾರದ ಈ ಕೆಲಸವನ್ನು ಮಕ್ಕಳು ಹುರುಪಿನಿಂದ ಮಾಡಿದರು.

ಒಂದು ದಿನ ಒಬ್ಬ ಹುಡುಗ ಕೇಳಿದ: "ಸರ್, ನಿಮ್ಮ ಮನಿ ಬರ್ಕೊಂಡು ಬರ್ಲೇನ್ರಿ?"

ನಮ್ಮ ಮನೆ ಆಗ ಇರಲಿಲ್ಲ. ಅದಕ್ಕೂ ಕೆಲವು ವರ್ಷ ಮೊದಲು ನಾನೂ ನನ್ನ ತಮ್ಮನೂ ಕೂಡಿ ಅದನ್ನು ಕೆಡವಿಸಿ ಆರ್‌ಸಿಸಿ ಹಾಕಿಸಿದ್ದೆವು. ಬೇವಿನ ತೊಲೆಗಳು ಉರುವಲಿಗೆ ಹೋದವು. ಕೆತ್ತನೆಯ ತಲೆಬಾಗಿಲನ್ನು ಹಳೆ ಸಾಮಾನು ಕೊಳ್ಳುವವನು ಚೌಕಾಸಿ ಮಾಡಿ ಒಯ್ದ. ಹಗೇವಿಗೆ ಒಡೆದ ಗೋಡೆಯ ಮಣ್ಣನ್ನೇ ತುಂಬಿದೆವು. ಒಂದು ಫೋಟೋ ಸಹ ತೆಗೆಯಲಿಲ್ಲ. ತರಗತಿಯಲ್ಲಿ ಸ್ಮಾರಕಗಳ ರಕ್ಷಣೆ ಎಂದು ಪಾಠ ಮಾಡುತ್ತಿದ್ದ ಮಾಸ್ತರ ಮನೆಯಲ್ಲಿ ನಡೆದದ್ದು ಇದು. ಬಾಗಿಲು ಬಂಡಿಗೆ ಏರಿಸುವಾಗ ನಮ್ಮ ಆಯಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಸಂಜೆ ಮಾತ್ರ, "ನಾ ಆ ಬಾಗಲ ದಾಟಿ ಬಂದಾಗ ನನಗ ಹನ್ನೆರಡು ವರ್ಷ" ಎಂದಳು.

ಹುಡುಗನಿಗೆ ನಿಜ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಹಂಗಾದ್ರ ನಿಮ್ಮದು ಕೇಳಿದ್ದು ಕಲಮಿನ್ಯಾಗ ಬರೀತೀನ್ರಿ" ಎಂದ. ನಾನು ಹೇಳುತ್ತಾ ಹೋದೆ, ಅವನು ಬರೆದುಕೊಂಡ. ಮುತ್ಯಾ ಕುಳಿತುಕೊಳ್ಳುತ್ತಿದ್ದ ಕಂಬ ಎಡಗಡೆಯದೋ ಬಲಗಡೆಯದೋ ಎಂಬಲ್ಲಿಗೆ ಬಂದಾಗ ನನಗೆ ನೆನಪಾಗಲಿಲ್ಲ. ಕೇಳೋಣವೆಂದರೆ ಆಯಿ ಆಗಲೇ ತೀರಿಕೊಂಡಿದ್ದಳು. ಆ ಸಾಲು ನೋಟ್ ಬುಕ್ಕಿನಲ್ಲಿ ಇಂದಿಗೂ ಖಾಲಿ ಇದೆ.

ಆದರೆ ಹಳೆಯ ಮನೆಗಳನ್ನು ಕೆಡವುವವರೆಲ್ಲ ತಪ್ಪಿತಸ್ಥರೆಂದು ನಾನು ಹೇಳಲಾರೆ. ಅದನ್ನು ನನ್ನ ಅಕ್ಕ ನನಗೆ ಕಲಿಸಿದಳು. ಒಮ್ಮೆ ಅವಳ ಮುಂದೆ ಮಾಳಿಗೆ ಮನೆಯ ತಂಪನ್ನು ಹೊಗಳುತ್ತಿದ್ದೆ. "ನೀ ಬರಿಯಾಂವ, ಬರಿ. ಪ್ರತಿ ವರ್ಷ ಸವಳ ಮಣ್ಣು ಹೊತ್ತಾಕಿ ನಾನು, ಗ್ವಾಡಿಗಿ ಸಾರಿಸಿದಾಕಿ ನಾನು, ರಾತ್ರಿ ಮಳಿ ಬಂದ್ರ ಸೋರೋ ಕಡೆಗೆಲ್ಲ ಬೋಗಣಿ ಇಟ್ಟಾಕಿ ನಾನು" ಎಂದಳು. ನಾನು ಸುಮ್ಮನಾದೆ. ಮಣ್ಣು ತುಳಿಯುವ ಆಳು ಸಿಗದ, ತೊಲೆಗೆ ಮರ ಸಿಗದ ಕಾಲದಲ್ಲಿ, ಬೆಳೆದ ಮಕ್ಕಳಿಗೆ ಬೇರೆ ಬೇರೆ ಕೋಣೆ ಬೇಕಾದಾಗ, ಜನ ಮನೆ ಬದಲಿಸುತ್ತಾರೆ. ಬದಲಿಸಲಿ. ನಾನು ಕೇಳುವುದು ಇಷ್ಟೇ: ಕೆಡವುವ ಮೊದಲು ಬರೆದಿಡಿ. ಒಂದು ಅಳತೆ, ನಾಲ್ಕು ಫೋಟೋ, ಮನೆಯ ಹಿರಿಯರ ಒಂದು ತಾಸಿನ ಮಾತು. ಅರಮನೆ, ದೇವಸ್ಥಾನ, ಟೇಲರ್ ಮಂಜಿಲ್ ಉಳಿಸುವುದು ಸರ್ಕಾರದ, ಸಮಾಜದ ಕೆಲಸ. ಅದಕ್ಕೆ ಹಣ ಬೇಕು, ಕಾನೂನು ಬೇಕು. ನಮ್ಮ ನಮ್ಮ ಮನೆಯನ್ನು ಬರೆದಿಡಲು ಒಂದು ಪೆನ್ನು ಸಾಕು.

ಆ ಹುಡುಗಿಯ ಪುಟ

ಮೊದಲು ಪ್ರಶ್ನೆ ಕೇಳಿದ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳು ಆಗ ಹತ್ತನೇ ತರಗತಿಯಲ್ಲಿದ್ದಳು. ಅವಳಿಗೆ ಆ ಕೆಲಸ ಕೊಟ್ಟಿರಲಿಲ್ಲ. ಆದರೂ ಒಂದು ದಿನ ಶಿಕ್ಷಕರ ಕೋಣೆಗೆ ಬಂದು, ತಾನೂ ಒಂದು ಪುಟ ಬರೆಯುತ್ತೇನೆ ಎಂದಳು. ಅವಳದು ಕಲ್ಲು ಒಡೆಯುವ ಕಸುಬಿನ ಮನೆತನ. ಒಂದೇ ಕೋಣೆಯ ಮನೆ. ಕಂಬವಿಲ್ಲ, ಬೋದಿಗೆ ಇಲ್ಲ, ಕೆತ್ತನೆ ಇಲ್ಲ. 'ಕಂಡದ್ದು' ಕಲಮಿನಲ್ಲಿ ಅವಳು ಬರೆದದ್ದು ಎರಡೇ ಸಾಲು. 'ಓದಿದ್ದು' ಕಲಮಿನಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದಳು. 'ಕೇಳಿದ್ದು' ಕಲಂ ಮಾತ್ರ ಪುಟದ ತುದಿಯವರೆಗೂ ತುಂಬಿತ್ತು. ತಮ್ಮ ಹಿರಿಯರು ಗುಡ್ಡದ ಬಂಗಲೆಗೆ ಕಲ್ಲು ಹೊತ್ತರೆಂದು ಅವಳ ಮುತ್ಯಾ ಹೇಳುತ್ತಿದ್ದನಂತೆ. ಅವನಿಗೆ ಅವನ ಮುತ್ಯಾ ಹೇಳಿದ್ದನಂತೆ.

ಇದು ನಿಜವೇ ಎಂದು ಕೇಳಿದಳು. "ಕೇಳಿದ್ದು ಅಂತ ಬರ್ದೀಯಲ್ಲವ್ವಾ, ಅಷ್ಟರ ಮಟ್ಟಿಗೆ ನಿಜ" ಎಂದೆ. ಅಂದು ಗುಡ್ಡದ ಮೇಲೆ ಅವಳು ಆ ಪ್ರಶ್ನೆ ಏಕೆ ಕೇಳಿದ್ದಳೆಂದು ನನಗೆ ಆಗ ತಿಳಿಯಿತು. ಅವಳಿಗೆ ಉತ್ತರ ಗೊತ್ತಿತ್ತು. ನನಗೆ ಗೊತ್ತಿದೆಯೇ ಎಂದು ನೋಡಿದ್ದಳು.

ಆ ನೋಟ್ ಬುಕ್ಕನ್ನು ನಿವೃತ್ತಿಯ ದಿನ ನಾನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದೆ. ಅದರಲ್ಲಿ ಬರೆದ ಮನೆಗಳಲ್ಲಿ ಅನೇಕವು ಈಗಿಲ್ಲ. ಆದರೆ ಅವುಗಳ ಪುಟಗಳು ಇವೆ, ಕೊನೆಯಲ್ಲಿ ಇನ್ನೂ ಬಹಳಷ್ಟು ಖಾಲಿ ಪುಟಗಳೂ ಇವೆ. ಸುವರ್ಣ ಮಹೋತ್ಸವದ ನೆನಪಿಗೆ ಪ್ರತಿ ವರ್ಷದ ಒಂಬತ್ತನೇ ತರಗತಿಯವರು ಅದಕ್ಕೆ ಹತ್ತು ಮನೆಗಳನ್ನಾದರೂ ಸೇರಿಸಬೇಕೆಂದು ಮುಖ್ಯಗುರುಗಳಲ್ಲಿಯೂ ನನ್ನ ನೆಚ್ಚಿನ ವಿದ್ಯಾರ್ಥಿಗಳಲ್ಲಿಯೂ ವಿನಂತಿಸುತ್ತೇನೆ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಮನೆಯ ಪುಟವಿದೆಯೇ ಎಂದು ಒಮ್ಮೆ ನೋಡಿಹೋಗಲಿ. ಇಲ್ಲದಿದ್ದರೆ ಕುಳಿತು ಬರೆಯಲಿ. ನಮ್ಮ ಮನೆಯ ಪುಟದಲ್ಲಿ ಮುತ್ಯಾ ಕುಳಿತುಕೊಳ್ಳುತ್ತಿದ್ದ ಕಂಬ ಯಾವುದೆಂದು ನಮ್ಮ ಓಣಿಯ ಹಿರಿಯರು ಯಾರಾದರೂ ಬಲ್ಲವರಿದ್ದರೆ ಆ ಖಾಲಿ ಸಾಲನ್ನು ದಯವಿಟ್ಟು ತುಂಬಿರಿ.